ಹದಿಮೂರು ಸೆಕೆಂಡು

“ಓ ನೆಗೆಟಿವ್ ಇದೆಯಾ?” ಎಂದು ಆ ಸಿಸ್ಟರ್ ಮೂರನೇ ಸಲ ಕೇಳಿದರು. ಒಂದು ಕಿವಿಗೆ ರಿಸೀವರ್ ಒತ್ತಿಕೊಂಡು, ಇನ್ನೊಂದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು. ಆಮೇಲೆ ಏನೂ ಹೇಳದೆ ರಿಸೀವರನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಬ್ಲಡ್ ಬ್ಯಾಂಕಿನ ಹುಡುಗ ತಾಳ್ಮೆಯಿಂದಲೇ ಉತ್ತರ ಹೇಳುತ್ತಿದ್ದ: “ಓ ನೆಗೆಟಿವ್ ಸದ್ಯಕ್ಕೆ ಇ...” ಅಲ್ಲಿಗೆ ಮಾತು ತುಂಡಾಯಿತು. ಇದೆಯೋ ಇಲ್ಲವೋ ತಿಳಿಯಲಿಲ್ಲ.

ನಮ್ಮ ಭಾಷೆಯಲ್ಲಿ ಇರುವುದೂ ಇಲ್ಲದ್ದೂ ಒಂದೇ ಅಕ್ಷರದಿಂದ ಹೊರಡುತ್ತವೆ. ತೀರ್ಮಾನ ಬರುವುದು ವಾಕ್ಯದ ಕಟ್ಟಕಡೆಗೆ. ಹುಟ್ಟಿದಾಗಿನಿಂದ ಕನ್ನಡ ಆಡುತ್ತಿದ್ದರೂ ಇದು ನನ್ನ ಗಮನಕ್ಕೆ ಬಂದದ್ದು ಆ ದಿನ, 2010ರ ಮಳೆಗಾಲದಲ್ಲಿ, ಮಲೆನಾಡಿನ ಅಂಚಿನ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ. ಸಿಸ್ಟರ್ ವಾರ್ಡ್ ಬಾಯ್‌ನನ್ನು ಕರೆದು ಚೀಟಿ ಬರೆದುಕೊಟ್ಟರು. ಅವನು ಮಳೆಯಲ್ಲೇ ಅಂಗಳ ದಾಟಿ ಹೊಸ ಕಟ್ಟಡಕ್ಕೆ ಓಡಿದ. ಹೊಸ ಫೋನುಗಳು ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಅಲ್ಲಿನ ದಾದಿಯರು ಮುಖ್ಯವಾದದ್ದನ್ನೆಲ್ಲ ಚೀಟಿಯಲ್ಲಿ ಕಳಿಸುವ ರೂಢಿಗೆ ಮರಳಿದ್ದರು.

ಆ ಫೋನುಗಳನ್ನು ಹಾಕಿದ ತಂಡದಲ್ಲಿ ನಾನೂ ಇದ್ದೆ. ಹಳೆಯ ಟೆಲಿಫೋನ್ ತಂತಿ ತೆಗೆದು, ಕಂಪ್ಯೂಟರಿನ ಕೇಬಲ್ಲಿನಲ್ಲೇ ಮಾತೂ ಹೋಗುವ ಐಪಿ ಫೋನು ಕೊಟ್ಟಿದ್ದೆವು. ಹಳೆ ಕಟ್ಟಡದಲ್ಲಿ ಕ್ಯಾಶುವಾಲ್ಟಿ, ವಾರ್ಡುಗಳು, ಸರ್ವರ್ ರೂಮು. ಹೊಸ ಕಟ್ಟಡದಲ್ಲಿ ಐಸಿಯು, ಬ್ಲಡ್ ಬ್ಯಾಂಕು, ಸಿಟಿ ಸ್ಕ್ಯಾನ್ ಕೋಣೆ. ಎರಡರ ನಡುವೆ, ಮೊದಲೇ ಹೂತಿದ್ದ ಫೈಬರಿನ ಮೇಲೆ 100 ಮೆಗಾಬಿಟ್‌ನ ಒಂದು ಕೊಂಡಿ.

ದೂರು ಬಂದಾಗಲೆಲ್ಲ ನಾವು ನೋಡುತ್ತಿದ್ದದ್ದು ಆ ಕೊಂಡಿಯ ಗ್ರಾಫನ್ನು. ಬಳಕೆ ನೂರಕ್ಕೆ ಐದನ್ನೂ ಮುಟ್ಟುತ್ತಿರಲಿಲ್ಲ. “ನಿಮ್ಮ ಲೈನು ಖಾಲಿ ಬಿದ್ದಿದೆ, ದೋಷ ಫೋನಿನದ್ದೇ ಇರಬೇಕು” ಎಂದು ಎರಡು ಸಲ ಫೋನು ಬದಲಿಸಿ ಕೊಟ್ಟಿದ್ದೆವು. ಮೂರನೇ ಸಲ ನಾನು ಬೆಂಗಳೂರಿನಿಂದ ಬಸ್ಸು ಹಿಡಿದು ಬಂದು ಕ್ಯಾಶುವಾಲ್ಟಿಯಲ್ಲಿ ನಿಂತೆ. ಚೀಟಿ ಕಳಿಸಿದ ಮೇಲೆ ಆ ಸಿಸ್ಟರ್ ಹೇಳಿದ ಮಾತು ನನಗೆ ಇವತ್ತಿಗೂ ಪಾಠ.

“ಯಾವಾಗಲೂ ಕೆಡಲ್ಲ ಸಾರ್. ಸ್ಕ್ಯಾನಿಗೆ ಕಳಿಸಿದ ಪೇಷೆಂಟು ವಾಪಸ್ ಬರೋ ಹೊತ್ತಿಗೆ ಕೆಡುತ್ತೆ. ಅದೂ ನಮ್ಮ ಮಾತು ಅವರಿಗೆ ಕೇಳುತ್ತೆ, ಅವರ ಮಾತು ನಮಗೆ ಒಡೆಯುತ್ತೆ.”

ಎರಡು ತಿಂಗಳು ನಾವು ಗ್ರಾಫಿನಲ್ಲಿ ಹುಡುಕಿದ ಕಾರಣ ಆ ಮೂರು ವಾಕ್ಯದಲ್ಲಿತ್ತು. ನಾನು ಸ್ಕ್ಯಾನ್ ಕೋಣೆಗೆ ಹೋಗಿ ಅಲ್ಲಿನ ಟೆಕ್ನೀಷಿಯನ್‌ರನ್ನು ಕೇಳಿಕೊಂಡೆ: ಮುಂದಿನ ರೋಗಿಯ ಚಿತ್ರಗಳನ್ನು ಸರ್ವರಿಗೆ ಕಳಿಸುವಾಗ ಒಂದು ಮಾತು ಹೇಳಿ. ಸಿಸ್ಟರ್ ಕ್ಯಾಶುವಾಲ್ಟಿಯಿಂದ ನನ್ನ ಪಕ್ಕದ ಫೋನಿಗೆ ಕರೆ ಮಾಡಿದರು. ನಾನು ಒಂದರಿಂದ ಎಣಿಸುತ್ತ ಹೋದೆ. ಟೆಕ್ನೀಷಿಯನ್ ‘ಸೆಂಡ್’ ಒತ್ತಿದರು. ನಾನು ನೂರರವರೆಗೆ ಎಣಿಸಿದೆ. ನಡುವೆ ಎಷ್ಟು ಅಂಕಿ ಕೇಳಿಸಲಿಲ್ಲ ಎಂಬುದನ್ನು ಸಿಸ್ಟರ್ ಕಾಗದದಲ್ಲಿ ಗುರುತು ಹಾಕಿಕೊಂಡಿದ್ದರು. ಒಡೆದ ಹೊತ್ತು ಸುಮಾರು 13 ಸೆಕೆಂಡು.

ಲೆಕ್ಕ ಕೂತು ಹಾಕಿದರೆ ಅಷ್ಟೇ ಬರಬೇಕಿತ್ತು. ಸಿಟಿ ಸ್ಕ್ಯಾನಿನ ಒಂದು ಚಿತ್ರವೆಂದರೆ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿ, ಚುಕ್ಕಿಗೆ 2 ಬೈಟು. ಅಂದರೆ ಸುಮಾರು ಅರ್ಧ ಮೆಗಾಬೈಟು. ಒಬ್ಬ ರೋಗಿಗೆ 300 ಚಿತ್ರವೆಂದುಕೊಂಡರೆ 157 ಮೆಗಾಬೈಟು. ಸ್ಕ್ಯಾನ್ ಯಂತ್ರದ ಕೇಬಲ್ಲು, ಕಟ್ಟಡದ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿಗೆ ಗಿಗಾಬಿಟ್ ವೇಗದಲ್ಲಿ ಸುರಿಯುತ್ತದೆ. ಹೊರಹೋಗುವ ದಾರಿ ಅದರ ಹತ್ತನೇ ಒಂದು ಪಾಲು. ಹಾಗಾಗಿ ಆ ಕೊಂಡಿ 13 ಸೆಕೆಂಡು ತುಂಬಿ ತುಳುಕುತ್ತದೆ, ಆಮೇಲೆ ಖಾಲಿ. ನಮ್ಮ ಗ್ರಾಫು ತೋರಿಸುತ್ತಿದ್ದದ್ದು 5 ನಿಮಿಷದ ಸರಾಸರಿ. 300 ಸೆಕೆಂಡಿನಲ್ಲಿ 13 ಸೆಕೆಂಡು ಎಂದರೆ ನೂರಕ್ಕೆ ನಾಲ್ಕು. ಕಡು ಬೇಸಿಗೆಯಲ್ಲಿ ಒಂದೇ ದಿನ ಸುರಿದು ಊರು ಮುಳುಗಿಸಿದ ಮಳೆ, ವರ್ಷದ ಲೆಕ್ಕದಲ್ಲಿ ಹನಿಯಾಗಿ ಕಾಣುವ ಹಾಗೆ.

ಮಾತು ಒಂದೇ ಕಡೆ ಒಡೆಯುವುದಕ್ಕೂ ಅಲ್ಲೇ ಉತ್ತರವಿತ್ತು. ಚಿತ್ರಗಳು ಹೊಸ ಕಟ್ಟಡದಿಂದ ಹಳೆ ಕಟ್ಟಡದ ಸರ್ವರಿಗೆ ಹರಿಯುತ್ತವೆ. ಬ್ಲಡ್ ಬ್ಯಾಂಕಿನ ಉತ್ತರವೂ ಹರಿಯುವುದು ಅದೇ ದಿಕ್ಕಿಗೆ. ಪ್ರಶ್ನೆ ಮಾತ್ರ ಎದುರು ದಿಕ್ಕಿನ ಖಾಲಿ ದಾರಿಯಲ್ಲಿ ಸಲೀಸಾಗಿ ಹೋಗುತ್ತಿತ್ತು.

*

ಐಪಿ ಫೋನು ಮಾತನ್ನು ಇಡಿಯಾಗಿ ಸಾಗಿಸುವುದಿಲ್ಲ. 20 ಮಿಲಿಸೆಕೆಂಡಿಗೊಂದರಂತೆ, ಸೆಕೆಂಡಿಗೆ 50 ಪೊಟ್ಟಣ ಕಟ್ಟುತ್ತದೆ. ಒಂದೊಂದರಲ್ಲಿ 160 ಬೈಟು ಮಾತು, ಅದರ ಮೇಲೆ ವಿಳಾಸದ ಹೊದಿಕೆ. ನಾವು ಬಾಯಲ್ಲಿ ಒಂದು ಅಕ್ಷರ ಆಡುವಷ್ಟರಲ್ಲಿ ಇಂಥ ಎಂಟು ಹತ್ತು ಪೊಟ್ಟಣ ಹೊರಟುಬಿಟ್ಟಿರುತ್ತವೆ. ‘ಇದೆ’ಯಲ್ಲಿನ ‘ದೆ’ಯನ್ನೋ ‘ಇಲ್ಲ’ದಲ್ಲಿನ ‘ಲ್ಲ’ವನ್ನೋ ಹೊತ್ತವು ಆ ಹತ್ತೇ ಪೊಟ್ಟಣ.

ಸ್ವಿಚ್ಚಿನ ಹೊರಬಾಗಿಲಲ್ಲಿ ದಾರಿ ಬಿಡುವಾಗುವವರೆಗೆ ಪೊಟ್ಟಣಗಳು ಕಾಯಲು ಒಂದು ಸಣ್ಣ ಜಾಗವಿರುತ್ತದೆ. ಅದು ತುಂಬಿದ ಮೇಲೆ ಬಂದದ್ದು ಕೆಳಕ್ಕೆ ಬೀಳುತ್ತದೆ, ಅಷ್ಟೇ. ಸ್ಕ್ಯಾನಿನ ಪೊಟ್ಟಣ ಬಿದ್ದರೆ ಕಳಿಸಿದ ಯಂತ್ರಕ್ಕೆ ಅದು ತಿಳಿಯುತ್ತದೆ, ಅದು ಇನ್ನೊಮ್ಮೆ ಕಳಿಸುತ್ತದೆ, ಚಿತ್ರ ಕೊನೆಗೆ ಇಡಿಯಾಗಿಯೇ ತಲುಪುತ್ತದೆ. ಮಾತಿನ ಪೊಟ್ಟಣಕ್ಕೆ ಆ ಭಾಗ್ಯವಿಲ್ಲ. ಮತ್ತೆ ಕಳಿಸುವಷ್ಟರಲ್ಲಿ ಅದರ ಹೊತ್ತು ಮೀರಿರುತ್ತದೆ. ಆಡಿದ ಮಾತು ಹೋದರೆ ಹೋಯಿತು. ಒಂದೇ ಬಾಗಿಲ ಮುಂದೆ ನಿಂತ ಎರಡು ಬಗೆಯ ಪ್ರಯಾಣಿಕರಲ್ಲಿ ಒಬ್ಬರು ಮರಳಿ ಬರಬಲ್ಲವರು, ಇನ್ನೊಬ್ಬರು ಬರಲಾರದವರು. ನಮ್ಮ ಸ್ವಿಚ್ಚಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಕೆಲಸಕ್ಕೇ ಕ್ವಾಲಿಟಿ ಆಫ್ ಸರ್ವಿಸ್, ನಮ್ಮ ಬಾಯಲ್ಲಿ ಕ್ಯೂಓಎಸ್, ಎಂದು ಹೆಸರು.

ಅವತ್ತು ರಾತ್ರಿ 11ಕ್ಕೆ ಸರ್ವರ್ ರೂಮಿನಲ್ಲಿ ಕೂತು ಕ್ಯೂಓಎಸ್ ಚಾಲೂ ಮಾಡುವ ಒಂದು ಸಾಲಿನ ಕಮಾಂಡು ಒತ್ತಿದೆ. ಅದೇ ಔಷಧಿ ಎಂದುಕೊಂಡಿದ್ದೆ. ಬೆಳಿಗ್ಗೆ ಸಿಸ್ಟರ್ ಬಂದು, “ಮೊದಲಿಗಿಂತ ಜಾಸ್ತಿ ಕೆಟ್ಟಿದೆ ಸಾರ್” ಎಂದರು. ಸ್ಕ್ಯಾನ್ ಕೋಣೆಯವರು ಚಿತ್ರ ಹೋಗುವುದೂ ನಿಧಾನವಾಗಿದೆ ಎಂದರು.

ಏನಾಗಿತ್ತೆಂದು ಬಿಡಿಸಿಕೊಳ್ಳಲು ನನಗೆ ಮಧ್ಯಾಹ್ನದವರೆಗೆ ಹಿಡಿಯಿತು. ನಮ್ಮಲ್ಲಿದ್ದ ಮಾದರಿಯ ಸ್ವಿಚ್ಚು ಹೊರಬಾಗಿಲಿಗೆ ನಾಲ್ಕು ಸಾಲು ಇಟ್ಟಿರುತ್ತದೆ. ಕ್ಯೂಓಎಸ್ ಚಾಲೂ ಆದ ಕ್ಷಣ, ಕಾಯುವ ಜಾಗವನ್ನು ನಾಲ್ಕು ಸಾಲಿಗೂ ಸಮನಾಗಿ ಹಂಚಿಬಿಡುತ್ತದೆ. ಅದೇ ಕ್ಷಣ ಯಾವ ಪೋರ್ಟನ್ನೂ, ಅಂದರೆ ಕೇಬಲ್ಲು ಚುಚ್ಚುವ ಯಾವ ಕಿಂಡಿಯನ್ನೂ, ನಂಬದ ಸ್ಥಿತಿಗೆ ಹೋಗುತ್ತದೆ. ಫೋನು ತನ್ನ ಪೊಟ್ಟಣದ ಮೇಲೆ ‘ಇದು ಮಾತು’ ಎಂದು ಹಾಕಿದ ಗುರುತನ್ನು ಅಳಿಸಿ ಸೊನ್ನೆ ಬರೆಯುತ್ತದೆ. ಎಲ್ಲವೂ ಸೊನ್ನೆಯಾದ ಮೇಲೆ ಎಲ್ಲವೂ ನಿಲ್ಲುವುದು ಒಂದೇ ಸಾಲಿನಲ್ಲಿ, ಅದೂ ಮೊದಲಿದ್ದ ಜಾಗದ ಕಾಲು ಭಾಗದಲ್ಲಿ. ಉಳಿದ ಮೂರು ಸಾಲು ಖಾಲಿ. ಸಾಲುಗಳನ್ನು ಮಾಡುವುದು ಒಂದು ಕೆಲಸ, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಏನೂ ಮಾಡದಿರುವುದಕ್ಕಿಂತ ಹೆಚ್ಚು ಕೇಡು.

ಆ ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಊಟದ ತಟ್ಟೆಯ ಮುಂದೆ ಕೂತಾಗ, ನನಗೆ ನೆನಪಾದವಳು ನನ್ನ ಅತ್ತೆ.

*

ಅಪ್ಪನ ತಂಗಿ ನಮ್ಮೂರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಶಿವಮೊಗ್ಗ ಜಿಲ್ಲೆಯ ಸಣ್ಣ ಊರು, ಅಡಿಕೆಯ ಸೀಮೆ. 1980ರ ದಶಕದಲ್ಲಿ ನಾನು ಶಾಲೆ ಬಿಟ್ಟ ಮೇಲೆ ಎಷ್ಟೋ ಸಂಜೆ ಅವಳ ಕೆಲಸ ಮುಗಿಯುವುದನ್ನು ಕಾಯುತ್ತ ಅಲ್ಲಿನ ಬೆಂಚಿನ ಮೇಲೆ ಕೂತಿದ್ದೇನೆ. ತೂತುಗಳ ಸಾಲು ಸಾಲು ಹಲಗೆ, ಅದರ ಮುಂದೆ ಎತ್ತರದ ಕುರ್ಚಿ, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡ ಅತ್ತೆ, ಅವಳ ಬಲಗೈ ಪಕ್ಕದಲ್ಲಿ ಟ್ರಂಕ್ ಕಾಲಿನ ಚೀಟಿಗಳು.

ಹೊರ ಊರಿಗೆ ಮಾತಾಡಬೇಕೆಂದರೆ ಆಗ ಟ್ರಂಕ್ ಕಾಲ್ ಬುಕ್ ಮಾಡಬೇಕು. ಶಿವಮೊಗ್ಗದ ಕಡೆಗೆ ನಮ್ಮೂರಿಂದ ಇದ್ದದ್ದು ಎರಡೇ ಲೈನು. ಬುಕ್ ಮಾಡಿದವರು ಹತ್ತಾರು ಜನ. ಅದಕ್ಕೆ ಮೂರು ದರ್ಜೆ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಆರ್ಡಿನರಿಯ ಎರಡು ಪಟ್ಟು ಹಣ ಕೊಟ್ಟರೆ ಅರ್ಜೆಂಟ್. ಲೈಟ್ನಿಂಗ್‌ಗೆ ಅದಕ್ಕಿಂತಲೂ ಎಷ್ಟೋ ಹೆಚ್ಚು. ಲೈಟ್ನಿಂಗ್ ಚೀಟಿ ಬಂದರೆ ಅತ್ತೆ ಅದನ್ನು ಎಲ್ಲಕ್ಕಿಂತ ಮೇಲಿಡುತ್ತಿದ್ದಳು. ಮೂರು ನಿಮಿಷ ಮುಗಿಯುತ್ತಿದ್ದಂತೆ ಲೈನಿನ ನಡುವೆ ಬಂದು, “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಎನ್ನುತ್ತಿದ್ದಳು.

ಲೈಟ್ನಿಂಗ್ ಬುಕ್ ಮಾಡುತ್ತಿದ್ದವರು ಹೆಚ್ಚಾಗಿ ಮಂಡಿಯ ಸಾಹುಕಾರರು. ಅಡಿಕೆ ಧಾರಣೆ ಗಂಟೆಗೊಂದು ಥರ. ಸಾವಿನ ಸುದ್ದಿ ಹೇಳಲು ಬರುವ ಬಡವರ ಕೈಯಲ್ಲಿ ಇರುತ್ತಿದ್ದದ್ದು ಆರ್ಡಿನರಿಗಾಗುವಷ್ಟೇ ಚಿಲ್ಲರೆ. ದೂರದ ಊರಿನ ಮಗನಿಗೆ ತಿಳಿಸಬೇಕು, ಹೊತ್ತು ಮುಳುಗುವುದರೊಳಗೆ ದಹನವಾಗಬೇಕು. ನಿಯಮದ ಪ್ರಕಾರ ಅವರ ಚೀಟಿ ಅಡಿಯಲ್ಲೇ ಇರಬೇಕು. ಅತ್ತೆ ನಿಯಮ ಮುರಿದವಳಲ್ಲ. ಚೀಟಿಯ ಕ್ರಮ ತಾನಾಗಿ ಬದಲಿಸಲಿಲ್ಲ. ಅವಳು ಮಾಡುತ್ತಿದ್ದದ್ದು ಒಂದೇ: ಮಂಡಿಗೆ ಫೋನು ಹಾಕಿ ಕೇಳುತ್ತಿದ್ದಳು. “ಸಾಹುಕಾರ್ರೇ, ಇಲ್ಲಿ ಒಬ್ಬರ ಮನೇಲಿ ಸಾವಾಗಿದೆ. ಮೂರು ನಿಮಿಷ ಲೈನು ಬಿಟ್ಟುಕೊಡ್ತೀರಾ? ನಿಮ್ಮದು ಅದರ ಬೆನ್ನಿಗೇ ಹಾಕ್ತೀನಿ.” ಬೇಡ ಎಂದವರನ್ನು ನಾನು ಕಂಡಿಲ್ಲ. ಒಬ್ಬ ಸಾಹುಕಾರರಂತೂ, “ಕೇಳೋದೇನಮ್ಮ, ಮೊದಲು ಕೊಡು” ಎಂದದ್ದು ಹೆಡ್‌ಸೆಟ್ಟಿನಿಂದ ಹೊರಗೂ ಕೇಳಿಸಿತ್ತು.

ಮುಂದೆ ನಾನು ಓದಿದ ವಿದ್ಯೆಯಲ್ಲಿ ಆ ಚೀಟಿಗಳೇ ಮತ್ತೆ ಎದುರಾದವು. ಇಂಟರ್‌ನೆಟ್ಟಿನ ಮೂಲ ನಿಯಮಾವಳಿ 1981ರದ್ದು. ಅದರಲ್ಲಿ ಪ್ರತಿ ಪೊಟ್ಟಣದ ತಲೆಯ ಮೇಲೆ ಆದ್ಯತೆ ಬರೆಯಲು ಮೂರು ಬಿಟ್ ಜಾಗವಿಟ್ಟರು, ಎಂಟು ದರ್ಜೆ. ಹೆಸರುಗಳು ಸೈನ್ಯದ ಸಂದೇಶಗಳ ದರ್ಜೆಯವು: ರೊಟೀನ್, ಪ್ರಯಾರಿಟಿ, ಇಮೀಡಿಯೇಟ್, ಫ್ಲ್ಯಾಶ್. ಅಲ್ಲಿಯೂ ಮಿಂಚು, ಇಲ್ಲಿಯೂ ಮಿಂಚು. 1998ರ ಡಿಸೆಂಬರಿನಲ್ಲಿ ಆ ಜಾಗವನ್ನು ಆರು ಬಿಟ್ಟಿಗೆ ಹಿಗ್ಗಿಸಿ, 64 ಗುರುತುಗಳಿಗೆ ಎಡೆಮಾಡಿ ಡಿಎಸ್‌ಸಿಪಿ ಎಂದು ಹೆಸರಿಟ್ಟರು. ಅದರಲ್ಲಿ ಮಾತಿಗೆ ರೂಢಿಯಾದ ಗುರುತು 46.

ಸೈನ್ಯದಲ್ಲಿ ಮಿಂಚಿನ ದರ್ಜೆ ಕೊಡಲು ಅಧಿಕಾರ ಬೇಕು. ಟ್ರಂಕ್ ಕಾಲಿಗೆ ಹಣ ಬೇಕಿತ್ತು. ನನ್ನ ಸ್ವಿಚ್ಚಿಗೆ ಯಾವುದು ಅಳತೆಗೋಲು? ಅತ್ತೆಯ ಕೋಲೇ ಸರಿ ಎನಿಸಿತು: ಕಾದರೆ ಯಾರದ್ದು ತಿರುಗಿ ಸಿಗದಂತೆ ಹೋಗುತ್ತದೆ ಎಂದು ನೋಡುವುದು.

*

ಮತ್ತೆ ಕೂತಾಗ ಕಮಾಂಡು ಒತ್ತುವ ಮೊದಲು ಕಾಗದದಲ್ಲಿ ಬರೆದೆ. ಎರಡು ಕಟ್ಟಡಗಳ ನಡುವೆ ಏಕಕಾಲಕ್ಕೆ ಹೆಚ್ಚೆಂದರೆ 20 ಕರೆ. ಹೊದಿಕೆಯೆಲ್ಲ ಸೇರಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ 87 ಕಿಲೋಬಿಟ್. ಇಪ್ಪತ್ತಕ್ಕೆ ಒಂದೂಮುಕ್ಕಾಲು ಮೆಗಾಬಿಟ್. ಕೊಂಡಿಯ ಅಗಲ 100. ಅಂದರೆ ಆಸ್ಪತ್ರೆಯ ಎಲ್ಲ ಮಾತೂ ಸೇರಿದರೆ ಬೇಕಾದದ್ದು ನೂರರಲ್ಲಿ ಎರಡಕ್ಕಿಂತ ಕಡಿಮೆ. ಆ ಎರಡನ್ನು ಮೊದಲು ಬಿಟ್ಟರೆ ಸ್ಕ್ಯಾನಿನ 13 ಸೆಕೆಂಡಿಗೆ ಸೇರುವುದು ಕಾಲು ಸೆಕೆಂಡು. ಈ ಕಾಲು ಸೆಕೆಂಡನ್ನು ಕಂಡಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಇಷ್ಟು ಸಣ್ಣ ಬೆಲೆ ತೆರದೆ ಎರಡು ತಿಂಗಳು ಒಬ್ಬ ಹುಡುಗನನ್ನು ಮಳೆಯಲ್ಲಿ ಓಡಿಸಿದ್ದೆವು.

ಆಮೇಲೆ ನಂಬಿಕೆಯ ಗಡಿ ಹಾಕಬೇಕಿತ್ತು. ಪೊಟ್ಟಣದ ಮೇಲೆ ಗುರುತು ಯಾರು ಬೇಕಾದರೂ ಬರೆಯಬಹುದು. ಅದನ್ನು ಎಲ್ಲಿಂದ ಒಪ್ಪಬೇಕು ಎಂಬುದೇ ಪ್ರಶ್ನೆ. ಫೋನು ಇರುವ ಪೋರ್ಟುಗಳನ್ನು ನಂಬಲು ಹೇಳಿದೆ. ಐಪಿ ಫೋನಿನ ಬೆನ್ನಿಗೆ ಕಂಪ್ಯೂಟರ್ ಚುಚ್ಚಿಕೊಳ್ಳುವ ಜಾಗವಿರುತ್ತದೆ. ಅದರಿಂದ ಬಂದದ್ದಕ್ಕೆ ಫೋನೇ ಸೊನ್ನೆ ಹಾಕಿ ಕಳಿಸುವಂತೆ ಮಾಡಿದೆ. ಉಳಿದ ಪೋರ್ಟುಗಳನ್ನು ನಂಬಲಿಲ್ಲ. ಮಾತನ್ನು ಹೊರಬಾಗಿಲಿನ ಮೊದಲ ಸಾಲಿಗೆ ಹಾಕಿ, ಅದು ಖಾಲಿಯಾಗುವವರೆಗೆ ಬೇರೆ ಸಾಲು ಮುಟ್ಟಬೇಡ ಎಂದು ಸ್ವಿಚ್ಚಿಗೆ ಹೇಳಿದೆ. ಉಳಿದ ಮೂರರಲ್ಲಿ ಜಾಗದ ದೊಡ್ಡ ಪಾಲನ್ನು ಸ್ಕ್ಯಾನು, ಬಿಲ್ಲಿಂಗು ಹೋಗುವ ಸಾಮಾನ್ಯ ಸಾಲಿಗೆ ಮರಳಿಸಿದೆ. ಸಂಜೆ ಮತ್ತೆ ಎಣಿಸಿದೆವು. ಟೆಕ್ನೀಷಿಯನ್ ‘ಸೆಂಡ್’ ಒತ್ತಿದರು, ನಾನು ನೂರರವರೆಗೆ ಹೇಳಿದೆ. ಸಿಸ್ಟರ್ ಕಾಗದದಲ್ಲಿ ಒಂದು ಗುರುತೂ ಬೀಳಲಿಲ್ಲ.

ಆದರೆ ಬೆಂಗಳೂರಿನ ಕರೆ ಇನ್ನೂ ಸರಿಯಿರಲಿಲ್ಲ. ಅಲ್ಲಿನ ತಜ್ಞರ ಸಲಹೆ ಕೇಳಲು 2 ಮೆಗಾಬಿಟ್‌ನ ಒಂದು ಲೀಸ್ಡ್ ಲೈನು ಇತ್ತು. ಅಂಥ ಕಿರಿದಾದ ದಾರಿಯಲ್ಲಿ ಬೀಳುವುದಕ್ಕಿಂತ ಕಾಯುವುದೇ ದೊಡ್ಡ ತೊಂದರೆ. 1500 ಬೈಟಿನ ಒಂದು ಪೊಟ್ಟಣ ದಾಟಲು 6 ಮಿಲಿಸೆಕೆಂಡು. ಮುಂದೆ ಅಂಥ ನಲವತ್ತು ನಿಂತಿದ್ದರೆ ಹಿಂದಿನ ಮಾತಿಗೆ 240 ಮಿಲಿಸೆಕೆಂಡು ತಡ. ಬಾಯಿಂದ ಕಿವಿಗೆ 150 ದಾಟಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದನ್ನು ಮೀರಿದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರುಮಾಡುತ್ತಾರೆ. ರೂಟರಿನಲ್ಲಿ ಮಾತಿಗೆ ಆದ್ಯತೆ ಬರೆದಿದ್ದೆವು. ಆದರೂ ಅದಕ್ಕೆ ಮಾತು ಸಿಗುತ್ತಲೇ ಇರಲಿಲ್ಲ.

ಎರಡು ರಾತ್ರಿ ಹುಡುಕಿದ ಮೇಲೆ ಸಿಕ್ಕಿದ್ದು ಒಂದು ಆರರ ಕೊರತೆ. ಫೋನು ಕೇಬಲ್ಲಿನ ಮಟ್ಟದಲ್ಲಿ ತನ್ನ ಗುರುತನ್ನು ಎಂಟು ದರ್ಜೆಯ ಹಳೆ ಲೆಕ್ಕದಲ್ಲಿ 5 ಎಂದು ಬರೆಯುತ್ತದೆ. ಸ್ವಿಚ್ಚು ಅದನ್ನು 64ರ ಲೆಕ್ಕಕ್ಕೆ ತಿರುಗಿಸುವಾಗ ಎಂಟರಿಂದ ಗುಣಿಸಿ 40 ಎನ್ನುತ್ತದೆ. ರೂಟರು ಕಾಯುತ್ತಿದ್ದದ್ದು 46ಕ್ಕೆ. ಎರಡು ಯಂತ್ರವೂ ತಮ್ಮ ತಮ್ಮ ಮಟ್ಟಿಗೆ ಸರಿ. ನಡುವೆ ಮಾತು ಅನಾಥ. ಎಂಟು ಅಂಕಿಯ ಆ ಪಟ್ಟಿಯಲ್ಲಿ ಆರನೆಯದನ್ನು 40ರಿಂದ 46ಕ್ಕೆ ಬದಲಿಸಿದೆ. ಮಾರನೆಯ ದಿನ ಬೆಂಗಳೂರಿನ ಹೃದ್ರೋಗ ತಜ್ಞರು ಇಲ್ಲಿನ ಡಾಕ್ಟರ ಜತೆ ಹದಿನೈದು ನಿಮಿಷ ತಡೆಯಿಲ್ಲದೆ ಮಾತಾಡಿದರು. ಗುರುತು ಹಾಕಿದರೆ ಸಾಲದು, ದಾರಿಯುದ್ದಕ್ಕೂ ಎಲ್ಲರೂ ಅದನ್ನು ಒಂದೇ ಅರ್ಥದಲ್ಲಿ ಓದಬೇಕು ಎಂಬುದನ್ನು ನಾನು ಕಲಿತದ್ದು ಆ ಆರರಿಂದ.

*

ಕೆಲಸ ಮುಗಿಯಿತೆಂದು ಹೊರಡುವ ಹೊತ್ತಿಗೆ ಆಡಳಿತಾಧಿಕಾರಿಗಳು ಕರೆಸಿದರು. ಹಿರಿಯರು, ಒಳ್ಳೆಯವರು. “ಹೊಸ ಕಟ್ಟಡದಲ್ಲಿರೋ ನನ್ನ ರೂಮಿನ ಕಂಪ್ಯೂಟರನ್ನೂ ಆ ಮೊದಲ ಸಾಲಿಗೆ ಹಾಕಿಬಿಡಿ” ಎಂದರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಅವರ ಪೋರ್ಟಿನಿಂದ ಬರುವುದಕ್ಕೆಲ್ಲ 46 ಬರೆದು ಬಸ್ಸು ಹತ್ತಿದೆ.

ಹತ್ತು ದಿನಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಒಂದು ಕಾರ್ಯಕ್ರಮದ ವಿಡಿಯೋಗಳನ್ನು ಅವರ ಕಂಪ್ಯೂಟರಿನಿಂದ ಸರ್ವರಿಗೆ ಹಾಕುತ್ತಿದ್ದರಂತೆ. ಆ ಇಡೀ ಹೊತ್ತು ಹೊಸ ಕಟ್ಟಡದ ಬಿಲ್ಲಿಂಗ್ ನಿಂತಿತು, ಸ್ಕ್ಯಾನ್ ಚಿತ್ರಗಳು ಹೋಗಲಿಲ್ಲ, ಫೋನೂ ಒಡೆಯಿತು. ಮೊದಲ ಸಾಲು ಖಾಲಿಯಾಗುವವರೆಗೆ ಬೇರೆಯದನ್ನು ಮುಟ್ಟಬೇಡ ಎಂದು ಸ್ವಿಚ್ಚಿಗೆ ನಾನೇ ಹೇಳಿದ್ದೆ. ಅದು ಹೇಳಿದಂತೆ ನಡೆದುಕೊಂಡಿತ್ತು. ವಿಡಿಯೋ ತುಂಬಿದ ಆ ಸಾಲು ಖಾಲಿಯಾಗಲೇ ಇಲ್ಲ. ಅದೇ ಸಾಲಿನಲ್ಲಿ ನಿಂತ ಮಾತಿಗೂ ಜಾಗ ಸಿಗಲಿಲ್ಲ.

ನಾನು ಮತ್ತೆ ಹೋಗಿ ಅವರ ಮುಂದೆ ಕೂತು, ನಡೆದದ್ದನ್ನು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದೆ. ಆ ಸಾಲು ಎಲ್ಲರಿಗಿಂತ ಮುಂದೆ ಹೋಗಬಲ್ಲದು ಏಕೆಂದರೆ ಅದರಲ್ಲಿ ನಿಂತವರು ಕಡಿಮೆ. ನೂರಕ್ಕೆ ಎರಡು ಪಾಲಿಗೆ ಎಲ್ಲರೂ ದಾರಿ ಬಿಡಬಹುದು, ಐವತ್ತು ಪಾಲಿಗೆ ಬಿಡಲಾಗದು. ಅವರು ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡಿದರು. “ನನ್ನ ಮೇಲ್ ಎರಡು ನಿಮಿಷ ತಡವಾದರೆ ಏನಾಗುತ್ತೆ? ಏನೂ ಆಗಲ್ಲ. ತೆಗೆದುಬಿಡಿ” ಎಂದರು. ಮಂಡಿಯ ಸಾಹುಕಾರರ ದನಿ ನನಗೆ ಅದರಲ್ಲಿ ಕೇಳಿಸಿತು. ಮೊದಲ ದಿನವೇ ನಾನು ಹೀಗೆ ಕೂತು ಹೇಳಿದ್ದರೆ ಅವರು ಅವತ್ತೇ ಒಪ್ಪುತ್ತಿದ್ದರು. ನಾನು ಅವರ ಅಧಿಕಾರವನ್ನು ಕಂಡು ಅವರ ವಿವೇಕವನ್ನು ಕೇಳದೆ ಹೋಗಿದ್ದೆ.

ಅಂದು ಇನ್ನೊಂದು ಬೇಲಿಯನ್ನೂ ಹಾಕಿದೆ. ಒಂದೊಂದು ಫೋನಿನ ಪೋರ್ಟಿನಿಂದ ಮೊದಲ ಸಾಲಿಗೆ 128 ಕಿಲೋಬಿಟ್‌ಗಿಂತ ಹೆಚ್ಚು ಬರಬಾರದು. ಒಂದು ಕರೆಗೆ ಅದು ಧಾರಾಳ. ಫೋನಿನ ವೇಷ ಹಾಕಿಕೊಂಡು ಬೇರೆ ಏನಾದರೂ ನುಗ್ಗಿದರೆ ಆ ಮಿತಿಯಲ್ಲಿ ನಿಲ್ಲುತ್ತದೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವಳ ಹಲಗೆ ಎಂದೋ ಹೋಗಿತ್ತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಕಟ್ಟಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ನಿಂತದ್ದು ನಮ್ಮದೇ ಕಿತ್ತೂರಿನಲ್ಲಿ, 1986ರಲ್ಲಿ. ಅಲ್ಲಿಂದ ಮುಂದೆ ಊರೂರಿಗೆ ಅಂಥವು ಬಂದವು, ನಮ್ಮೂರಿಗೂ ಬಂತು, ಟ್ರಂಕ್ ಚೀಟಿಗಳು ಮುಗಿದವು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು: “ಅಲ್ಲೋ ಅಪ್ಪಿ, ಕಾಯೋರಿಗೆ ಹೇಳಿದ್ಯಾ?”

ಹೇಳಿರಲಿಲ್ಲ. ಸ್ಕ್ಯಾನ್ ಕೋಣೆಯ ಟೆಕ್ನೀಷಿಯನ್‌ಗೆ, ತಮ್ಮ ಚಿತ್ರಗಳು ಈಗ ಮಾತಿಗೆ ದಾರಿ ಬಿಟ್ಟು ಹೋಗುತ್ತವೆ ಎಂದು ಯಾರೂ ತಿಳಿಸಿರಲಿಲ್ಲ. ಕಾಲು ಸೆಕೆಂಡು ಯಾರ ಲೆಕ್ಕಕ್ಕೂ ಬರದು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಮುಂದಿನ ಸಲ ಹೋದಾಗ ಅವರ ಪಕ್ಕದಲ್ಲಿ ಕೂತು ಹೇಳಿದೆ. ಅವರು, “ಬ್ಲಡ್ ಬ್ಯಾಂಕಿನ ಫೋನಿಗಾ? ಒಂದು ನಿಮಿಷ ಬೇಕಾದರೂ ತಗೊಳ್ಳಿ ಸಾರ್” ಎಂದರು. ಅಂದಿನಿಂದ ಯಾವ ಊರಿನಲ್ಲಿ ಆದ್ಯತೆಯ ಪಟ್ಟಿ ಬರೆದರೂ ನಾನು ಕಾಗದಕ್ಕೆ ಎರಡು ಕಲಂ ಹಾಕುತ್ತೇನೆ. ಎಡಗಡೆ ಯಾರು ಮೊದಲು ಹೋಗುತ್ತಾರೆ, ಬಲಗಡೆ ಯಾರು ಕಾಯುತ್ತಾರೆ, ಎಷ್ಟು ಹೊತ್ತು. ಬಲಗಡೆಯವರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿದ ಮೇಲೆಯೇ ಕಮಾಂಡು ಒತ್ತುವುದು.

ಕೆಲವು ವರ್ಷಗಳ ನಂತರ ಆ ಆಸ್ಪತ್ರೆಯ ಎರಡು ಕಟ್ಟಡಗಳ ನಡುವಿನ ಕೊಂಡಿ ಗಿಗಾಬಿಟ್ ಆಯಿತು. ಇನ್ನು ಇದೆಲ್ಲ ಬೇಕೇ, ದಾರಿ ಅಗಲವಾಯಿತಲ್ಲ ಎಂದು ಹೊಸ ಹುಡುಗರು ಕೇಳಿದರು. ದಾರಿ ಅಗಲವಾದರೆ ಬರುವ ಯಂತ್ರಗಳೂ ಹಿಗ್ಗುತ್ತವೆ. ಎರಡು ಗಿಗಾಬಿಟ್ ಪೋರ್ಟು ಒಟ್ಟಿಗೆ ಸುರಿದರೆ ಒಂದು ಗಿಗಾಬಿಟ್ ಕೊಂಡಿ ಮತ್ತೆ ತುಂಬಿತು. ಅಗಲವು ಇಕ್ಕಟ್ಟಿನ ಹೊತ್ತನ್ನು ಕಡಿಮೆ ಮಾಡುತ್ತದೆ, ಇಕ್ಕಟ್ಟಿನ ಹೊತ್ತಿನಲ್ಲಿ ಯಾರು ಮೊದಲು ಎಂಬುದನ್ನು ಅದು ಹೇಳುವುದಿಲ್ಲ. ಆ ಸಾಲುಗಳನ್ನು ತೆಗೆಯಲು ನಾನು ಬಿಡಲಿಲ್ಲ.

ಇದೇ ಪ್ರಶ್ನೆ ಮುಂದೆ ದೇಶದ ಮಟ್ಟದಲ್ಲೂ ಬಂತು. ಹಣ ಕೊಟ್ಟವರ ಪೊಟ್ಟಣಕ್ಕೆ ಇಂಟರ್‌ನೆಟ್ಟಿನಲ್ಲಿ ಮೊದಲ ದಾರಿ ಕೊಡಬಹುದೇ? ಕೊಡಕೂಡದು ಎಂದು 2018ರ ಜುಲೈನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ತಟಸ್ಥತೆಯ ನಿಯಮ ಒಪ್ಪಿತು. ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆ ಸುದ್ದಿ ಓದಿದ ದಿನ ನಾನು ಅತ್ತೆಗೆ ಫೋನು ಮಾಡಿ ಹೇಳಿದ್ದೆ. “ಲೈಟ್ನಿಂಗ್ ತೆಗೆದ್ರಂತೆ ಅತ್ತೆ.” ಅವಳು ಆ ಕಡೆಯಿಂದ, “ಒಳ್ಳೇದಾಯ್ತು ಬಿಡು” ಎಂದಳು.

ಮರುವರ್ಷ ಆಷಾಢದಲ್ಲಿ ಒಂದು ಬೆಳಗಿನ ಜಾವ ಮೊಬೈಲು ಬಡಿದುಕೊಂಡಿತು. ಅತ್ತೆಯ ಮಗ. ಊರಲ್ಲಿ ಜಡಿಮಳೆ. ಅವನ ಹಿಂದೆ ಹೆಂಚಿನ ಮೇಲೆ ನೀರು ಸುರಿಯುವುದು ಕೇಳುತ್ತಿತ್ತು. ನಾಲ್ಕನೇ ತಲೆಮಾರಿನ ಮೊಬೈಲ್ ಜಾಲದಲ್ಲಿ ಮಾತಿಗೆ ಒಂದನೇ ನಂಬರಿನ ವರ್ಗವಿದೆ. ಜಾಲದೊಳಗೆ ಅದರ ಪೊಟ್ಟಣ 100 ಮಿಲಿಸೆಕೆಂಡಿನೊಳಗೆ ದಾಟಬೇಕು ಎಂದು ಬರೆದಿಟ್ಟಿದ್ದಾರೆ. ಆ ಟವರಿನ ಕೆಳಗೆ ಆ ಹೊತ್ತಿಗೆ ಯಾರ ಯಾರ ಚಿತ್ರಗಳು, ವಿಡಿಯೋಗಳು ಒಂದಿಷ್ಟು ಕಾದವೋ ಗೊತ್ತಿಲ್ಲ. ಅವರಿಗೂ ಗೊತ್ತಿರಲಾರದು.

“ಅಮ್ಮ ಇಲ್ಲ ಕಣೋ” ಎಂದ.

ಪೂರ್ತಿ ಕೇಳಿಸಿತು. ಕೊನೆಯ ಅಕ್ಷರವೂ.